ಒಳಗೆ ಮೂವತ್ತೊಂದು, ಹೊರಗೆ ನಲವತ್ತೊಂದು

ಇಡೀ ಬೀಳಗಿಯಲ್ಲಿ ನಮ್ಮ ಮನೆಯ ಕಿಟಕಿಗೆ ಮಾತ್ರ ಸ್ವಂತ ಬುದ್ಧಿ ಇತ್ತು. ಅದನ್ನು ಕೊಟ್ಟವರು ನನ್ನ ಗಂಡ ಶಿವಪುತ್ರ. ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಉಷ್ಣತೆಯ ಮೀಟರು ನೋಡಿಕೊಳ್ಳುವ ಕೆಲಸ ಅವರದು. ಆ ಚಾಳಿಯನ್ನು ಮನೆಗೂ ತಂದರು.

2017ರ ಏಪ್ರಿಲ್‌ನಲ್ಲಿ ನಾನು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ನಾನು ಸೆಖೆಯಲ್ಲಿ ಬೇಯಬಾರದೆಂದು ಇವರು ನನ್ನ ತಲೆದಿಂಬಿನ ಮೇಲಿನ ಗೋಡೆಗೊಂದು, ಹೊರಗೆ ಮಾಳಿಗೆಯ ನೆರಳಿಗೊಂದು ಉಷ್ಣತೆ ಅಳೆಯುವ ಸೆನ್ಸರ್ ಹಾಕಿದರು. ಹೊರಗೆ ಹೆಚ್ಚು ಬಿಸಿಯಾದರೆ ಮೋಟರು ಕಿಟಕಿ ಮುಚ್ಚುತ್ತದೆ, ಒಳಗೆ ಹೆಚ್ಚಾದರೆ ತೆರೆಯುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಮುಚ್ಚಿದ್ದು ತೆರೆಯುತ್ತಿದ್ದುದು ಸಂಜೆ ಏಳಕ್ಕೆ.

ಕಿಟಕಿಯ ಹೊರಗೇ ಗುರುಬಾಯಕ್ಕನ ಕಾಯಿಪಲ್ಲೆ ಅಂಗಡಿ. ಅದನ್ನು ಬಿಟ್ಟು ಒಳಗೆ ಬರಲಾರಳು, ಆದರೆ ದಿನವಿಡೀ ನನ್ನ ಜೊತೆ ಮಾತಾಡಬಲ್ಲವಳು ಅವಳೊಬ್ಬಳೇ.

"ಕಿಟಕಿ ತಗದ ಇಡ್ರಿ, ಜೀವಾ ಹೋದಂಗ ಆಗತೈತಿ," ಎಂದು ಇವರಲ್ಲಿ ಗೋಗರೆದೆ.

ಇವರು ಮೊಬೈಲಿಗೆ ಬರುವ ಸೆನ್ಸರಿನ ಲೆಕ್ಕ ತೋರಿಸಿದರು. "ಒಳಗ ಮೂವತ್ತೊಂದು, ಹೊರಗ ನಲವತ್ತೊಂದು. ಹತ್ತು ಡಿಗ್ರಿ ತಂಪಿನಾಗ ಅದಿ. ಇನ್ನೇನ ಬೇಕು ನಿನಗ?"

ನನಗೆ ಮೈಯೆಲ್ಲ ಉರಿಯಿತು.

ಹನ್ನೊಂದನೇ ದಿನ ತಲೆ ಕೆಟ್ಟುಹೋಯಿತು. ಇವರು ಮಂಚದ ಪಕ್ಕ ತುಂಬಿಟ್ಟು ಹೋಗಿದ್ದ ಫ್ಲಾಸ್ಕಿನಿಂದ ಬಿಸಿಬಿಸಿ ಚಹಾ ಬಗ್ಗಿಸಿ, ಕಪ್ಪನ್ನು ಸೆನ್ಸರಿಗೆ ತಾಗಿಸಿ ಹಿಡಿದೆ. ಕೈ ಸೋತರೂ ಬಿಡಲಿಲ್ಲ. ಗುರ್ ಎಂದು ಕಿಟಕಿ ತೆರೆಯಿತು.

"ಅಯ್ಯ, ಜೀವಂತ ಅದಿಯೇನ ಬೇ ಅಂಜನಾ!" ಎಂದಳು ಗುರುಬಾಯಕ್ಕ.

ನನಗೆ ಅಳುವೇ ಬಂತು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅದೂ ಹಿತವಾಗಿತ್ತು. ಕಪ್ಪು ಆರಿದಂತೆಲ್ಲ ಮತ್ತೆ ಚಹಾ ಬಗ್ಗಿಸುತ್ತ ಅರ್ಧ ತಾಸು ಮಾತಾಡಿದೆವು. ಕೊನೆಯ ಕಪ್ಪು ಹಿಡಿದಿದ್ದಾಗ ಮುಂಬಾಗಿಲು ಧಡಾರನೆ ತೆರೆಯಿತು. ಬೆವರು ಸುರಿಸುತ್ತ ಇವರು ನಿಂತಿದ್ದರು.

"ಒಳಗ ಐವತ್ತೆರಡು ತೋರಸಾಕತ್ತಿತ್ತು! ಮನಿಗಿ ಬೆಂಕಿ ಹತ್ತೇತಿ ಅಂತ ಗಾಡಿ ಓಡಿಸ್ಕೋತ ಬಂದೇನಿ."

ಪಾಪ ಅನ್ನಿಸಿತು. ಕಪ್ಪನ್ನು ಕೆಳಗಿಟ್ಟೆ.

ಗುರುಬಾಯಕ್ಕ ಮೊಮ್ಮಗಳ ಲಗ್ನದ ಸುದ್ದಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸೆನ್ಸರ್ ತಣ್ಣಗಾಗಿ, ಅರ್ಧ ಮಾತಿನಲ್ಲೇ, ಕಿಟಕಿ ಮುಚ್ಚಿತು. ಕೋಣೆ ಕತ್ತಲಾಯಿತು. ಇವರು ಮೊಬೈಲಿಗೆ ಕೈ ಹಾಕಿದರು.

"ಅದನ್ನ ಕೆಳಗ ಇಡ್ರಿ," ಎಂದೆ. "ತಂಪ ಐತಲ್ಲ? ಏಳರ ತನಕಾ ನನ್ನ ಬಾಜೂಕ ಕೂಡ್ರಿ."

ಕೂತರು. ಮುಚ್ಚಿದ ಕಿಟಕಿಯನ್ನೇ ನೋಡಿದರು, ನನ್ನನ್ನು ನೋಡಿದರು. ಹತ್ತು ನಿಮಿಷ ಆಗಿರಲಿಲ್ಲ, ಎದ್ದು ಮೋಟರು ಬಿಚ್ಚಲು ಸ್ಕ್ರೂಡ್ರೈವರ್ ಹುಡುಕತೊಡಗಿದರು.