ಹೋಳಿಗೆ ತಿಂದವನ ಹೆಸರು

ಹನುಮಸಾಗರದ ಕಳಕಮ್ಮನಿಗೆ ಒಗಟು ಹಾಕಿ ಗೆದ್ದವರು ಕುಷ್ಟಗಿ ಸೀಮೆಯಲ್ಲೇ ಇರಲಿಲ್ಲ. ಆದರೆ ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ನಡೆದದ್ದು ಅವಳ ಮಗಳು ಬಸವಣ್ಣೆಮ್ಮನದೇ ಮದುವೆ. ಊಟಕ್ಕೆ ಮುಂಚೆ ಎರಡೂ ಕಡೆಯ ಹೆಂಗಸರು ಒಗಟು ಹಾಕಿಕೊಳ್ಳುವುದು, ಸೋತವರು ಗೆದ್ದವರಿಗೆ ಬಡಿಸುವುದು ಆ ಮನೆತನಗಳ ವಾಡಿಕೆ. ಬಡಿಸುವುದೇನು ಮಹಾ. ಆದರೆ ಯಲಬುರ್ಗೆಯ ಗಂಡನ ಮನೆಯಲ್ಲಿ ಮಗಳು ಜೀವಮಾನವಿಡೀ "ನಿಮ್ಮವ್ವ ಸೋತಾಕಿ" ಅನ್ನಿಸಿಕೊಳ್ಳಬೇಕಲ್ಲ, ಕಳಕಮ್ಮನಿಗೆ ಅದೇ ಚಿಂತೆ.

ಎರಡೂ ಕಡೆಯವರು ಸಮಸಮ ಬಂದರು. ಕೊನೆಯ ಒಗಟು ವರನ ತಾಯಿ ಶೇಖರಮ್ಮನದು.

"ಒಬ್ಬಾವ ಕೊಟ್ರಬಸಪ್ಪ, ಒಬ್ಬಾವ ಅಂದಪ್ಪ, ಮತ್ತೊಬ್ಬಾವ ನಮ್ಮ ಮನಿಯವರ ಹೆಸರಿನಾವ. ಮೂವರಾಗ ಒಬ್ಬಾವ ಹೋಳಿಗಿ ಕದ್ದು ತಿಂದಾನ. ನಮ್ಮ ಮನಿಯವರ ಹೆಸರಿನಾವ ಅಂತಾನ, 'ಕೊಟ್ರಬಸಪ್ಪ ತಿಂದ.' ಕೊಟ್ರಬಸಪ್ಪ ಅಂತಾನ, 'ನಾ ತಿಂದಿಲ್ಲ.' ಅಂದಪ್ಪನೂ ಅಂತಾನ, 'ನಾ ತಿಂದಿಲ್ಲ.' ಖರೇ ಹೇಳಿದಾವ ಒಬ್ಬಾವನ. ತಿಂದಾವ ಯಾರ್ರಿ ಬೀಗರ? ಹೆಸರ ಹೇಳಬೇಕ್ರಿ."

ಕಳಕಮ್ಮನಿಗೆ ಉತ್ತರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೊಳೆಯಿತು. ಕೊಟ್ರಬಸಪ್ಪ ತಿಂದಿದ್ದರೂ ಮೂರನೆಯವ ತಿಂದಿದ್ದರೂ ಎರಡು ಮಾತು ನಿಜವಾಗುತ್ತವೆ. ಅಂದಪ್ಪ ತಿಂದಿದ್ದರೆ ಮಾತ್ರ ನಿಜ ಒಂದೇ. ಆದರೆ ಚಪ್ಪರದ ಆಚೆ ತುದಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕುಳಿತ ಅವಳ ಗಂಡನ ಹೆಸರೂ ಅಂದಪ್ಪನೇ. ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ ಅವಳು. ಅದೆಲ್ಲ ತಿಳಿದೇ ಹಾಕಿದ ಬಲೆ ಅದು.

ಯಲಬುರ್ಗೆಯವರು ಆಗಲೇ ನಗತೊಡಗಿದ್ದರು. ಮಗಳ ಮುಖ ಬಾಡಿತು. ಕಳಕಮ್ಮ ಶೇಖರಮ್ಮನ ಒಗಟನ್ನು ಮೊದಲಿನಿಂದ ಮತ್ತೆ ನೆನೆಸಿಕೊಂಡಳು, ಮೆಲ್ಲಗೆ ನಕ್ಕಳು.

"ತಿಂದಾವ ನಮ್ಮ ಮನಿಯವರ ಹೆಸರಿನಾವ್ರಿ."

"ಹಂಗಂದ್ರ ನಡಿಯಂಗಿಲ್ಲ. ಹೆಸರು ಬಾಯಿಲೆ ಬರಬೇಕು."

"ಆತ್ರಿ. ಮೊದಲ ನಿಮ್ಮ ಒಗಟಿನ್ಯಾಗಿನ ಮೂರನೇದಾವನ ಹೆಸರು ನಿಮ್ಮ ಬಾಯಿಲೆ ಬರಲಿ. ಹಿಂದಿಂದ ನಾನೂ ಹೇಳ್ತೀನಿ."

ತಾನೂ ಗಂಡನ ಹೆಸರೆತ್ತದ ಶೇಖರಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಚಪ್ಪರವೆಲ್ಲ ನಕ್ಕಿತು. ಏನಾಯಿತೆಂದೇ ಗೊತ್ತಾಗದ ಅಂದಪ್ಪ ಮಾತ್ರ, "ನಾ ಇನ್ನೂ ಹೋಳಿಗಿ ಮುಟ್ಟಿಲ್ರಿ" ಎಂದ.

ಶೇಖರಮ್ಮ ಸೆರಗು ಸಿಕ್ಕಿಸಿ ಹೋಳಿಗೆಯ ಬುಟ್ಟಿ ಎತ್ತಿಕೊಂಡಳು. ಮೊದಲನೆಯದನ್ನು ಸೊಸೆಯ ಎಲೆಗೇ ಹಾಕಿದಳು.

"ಹೊಟ್ಟಿ ತುಂಬ ಉಣ್ಣು ತಂಗಿ. ಮುಂದಿನ ಮದಿವಿಗೆ ನೀನು ನಮ್ಮ ಕಡೆ. ನಿಮ್ಮವ್ವನ್ನ ಸೋಲಿಸಾಕ ನಮಗ ಬ್ಯಾರೆ ದಾರಿ ಇಲ್ಲ."

ಕಳಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎಲೆಯ ಮುಂದೆ ಕುಳಿತಳು.