ಹನ್ನೊಂದು ಫೂಟಿನ ಗಲೀಫ

ನನ್ನ ಗಂಡ ಬಾಲರಾಜನಿಗೆ ಮಾತು ಕಡಿಮೆ. ಮಾತು ಕಡಿಮೆ ಇದ್ದವರು ಜಾಣರು ಎಂದು ಲೋಕ ತಿಳಿದಿದೆ. ಹದಿನಾರು ವರ್ಷ ಸಂಸಾರ ಮಾಡಿದ ನಾನು ಹಾಗೆ ತಿಳಿದಿಲ್ಲ. ಇಂಥವರು ಅರ್ಧ ಮಾತಾಡಿ ಸುಮ್ಮನಾಗುತ್ತಾರೆ, ಉಳಿದರ್ಧವನ್ನು ಕೇಳುವವರೇ ತುಂಬಿಕೊಳ್ಳಬೇಕು. ಒಬ್ಬೊಬ್ಬರು ಒಂದೊಂದು ತುಂಬಿಕೊಳ್ಳುತ್ತಾರೆ. ಟೇಲರ್ ಜಮಾಲಸಾಬ ಚಾಚಾ ತುಂಬಿಕೊಂಡದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ರೊಟ್ಟಿ ತಟ್ಟುತ್ತ ತಟ್ಟುತ್ತ ನಗು ಬರುತ್ತದೆ.

ನಮ್ಮವರು ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರು. ನಮ್ಮ ಮನೆ ಸುರಪುರದಲ್ಲಿ, ಅವರ ಕೆಲಸ ಶಹಾಪುರದ ಒಂದು ಗ್ಯಾರೇಜಿನಲ್ಲಿ. ಹದಿನೈದು ವರ್ಷದಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಾರೆ. ಅವರ ಕೈಯಿಂದ ಬಣ್ಣ ಕಂಡ ಗಾಡಿಗಳೆಲ್ಲ ಗ್ಯಾರೇಜಿನ ಹೆಸರಿನಲ್ಲೇ ರಸ್ತೆಗೆ ಇಳಿದವು. ಹೊಗಳಿಕೆ ಬೋರ್ಡಿಗೆ, ಕೆಮ್ಮು ನಮ್ಮವರಿಗೆ. ಇದನ್ನು ನಾನು ಎಷ್ಟೋ ಸಲ ಬಾಯಿ ತನಕ ತಂದು ನುಂಗಿಕೊಂಡಿದ್ದೆ, ಯಾಕೆಂದರೆ ಅವರೇ ಎಂದೂ ದೂರಿದವರಲ್ಲ.

ಹೋದ ವರ್ಷ ಅವರು ತುಕ್ಕು ಹಿಡಿದು ನಿಂತಿದ್ದ ಒಂದು ಹಳೆಯ ಮಾರುತಿ ಕಾರನ್ನು ಮನೆಗೆ ಎಳೆಸಿ ತಂದರು. ಗ್ಯಾರೇಜಿಗೆ ಗುರುವಾರ ರಜೆ. ಆರು ತಿಂಗಳ ಗುರುವಾರಗಳನ್ನೆಲ್ಲ ಅದರ ಮೇಲೆ ಸುರಿದು, ಕೆರೆದು, ತಿಕ್ಕಿ, ಕೊನೆಗೆ ನವಿಲಿನ ಕೊರಳಿನ ಬಣ್ಣ ಹೊಡೆದರು. ತಮ್ಮ ಕೆಲಸದ ಬಗ್ಗೆ ಯಾರು ಕೇಳಿದರೂ "ನಡೀತದ" ಎನ್ನುವ ಮನುಷ್ಯ. ಕನ್ಯೆ ನೋಡಲು ಬಂದು ಹೋದ ಮೇಲೆ ನನ್ನ ಬಗ್ಗೆಯೂ "ನಡೀತದ" ಎಂದೇ ಹೇಳಿದ್ದರಂತೆ. ಆವತ್ತು ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ಚಂದಾಗ್ಯಾದ" ಎಂದರು. ನನಗೆ ಕಣ್ಣು ತುಂಬಿ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆ ಗಾಡಿಯನ್ನು ವಿಶ್ವರಾಧ್ಯ ಸಾವುಕಾರರು ನೋಡಿದರು. ಯಾದಗಿರಿಯಿಂದ ಕಡೇಚೂರಿನ ಕಾರ್ಖಾನೆಗಳಿಗೆ ಕೆಲಸಗಾರರನ್ನು ಸಾಗಿಸುವ ಹನ್ನೊಂದು ಗಾಡಿಗಳು ಅವರವು. ಬಾನೆಟ್ಟಿನ ಮೇಲೆ ಬಗ್ಗಿ ತಮ್ಮ ಮೀಸೆ ನೋಡಿಕೊಂಡು ಹುಬ್ಬು ಏರಿಸಿದರು.

"ಹೊಸಾ ಬಣ್ಣ ಹೊಸಾ ಅಳಿಯ ಇದ್ದಂಗ ಬಾಲರಾಜ, ನಾಕು ದಿನ ಎಲ್ಲಾರೂ ಚಂದನ ಕಾಣ್ತಾರ. ಒಂದು ಬ್ಯಾಸಗಿ ದಾಟಲಿ. ಕಾರಹುಣ್ಣಿವಿಗಿ ಬರ್ತೀನಿ. ಈ ಬಾನೆಟ್ಟಿನಾಗ ನನ್ನ ಮೀಸಿ ಹಿಂಗ ಕಂಡ್ರ ನನ್ನ ಹನ್ನೊಂದೂ ಗಾಡಿ ನಿನಗ. ನಿನ್ನ ಬೋರ್ಡ ಹಾಕ್ಕೊಂಡ ಮಾಡು. ಕಾಣ್ಲಿಲ್ಲಂದ್ರ ಇಲ್ಲ. ಅಲ್ಲಿತನಕ ಅದನ್ನ ಹೆಂಗ ಕಾಪಾಡ್ಕೋತಿ ನಿನಗ ಬಿಟ್ಟಿದ್ದು."

ಕಾಪಾಡುವುದು ಹೇಗೆ ಎಂಬುದೇ ಪ್ರಶ್ನೆ. ನಮ್ಮ ಮನೆ ಮುಂದೆ ಶೆಡ್ಡಿಲ್ಲ, ತಗಡಿಲ್ಲ. ಓಣಿಯ ಈ ಬದಿ ನಿಲ್ಲಿಸಿದರೆ ಬೆಳಗಿನಿಂದ ಸಂಜೆಯವರೆಗೆ ನಮ್ಮ ಸೀಮೆಯ ಬಿಸಿಲು. ಆ ಬದಿ ಬೇವಿನ ಗಿಡದ ನೆರಳಿಗೆ ನಿಲ್ಲಿಸಿದರೆ ಇಡೀ ಊರಿನ ಕಾಗೆಗಳಿಗೆ ಅಲ್ಲೇ ಹೊಟ್ಟೆ ಕೆಡುತ್ತದೆ. ಹಿಕ್ಕೆ ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತದಂತೆ.

ನಾನು ತಡೆದುಕೊಳ್ಳುವ ಹೆಂಗಸಲ್ಲ. ಅವರಿಗೆ ಹೇಳದೆ ಯಾದಗಿರಿ ಬಜಾರಿಗೆ ಹೋಗಿ ಬೆಳ್ಳಿ ಬಣ್ಣದ ಒಂದು ಕವರು ತಂದೆ. "ಒಂದ್ ಹನಿ ನೀರ ಇಳಿಯಂಗಿಲ್ಲಕ್ಕಾ" ಎಂದು ಅಂಗಡಿಯವನು ಅದರ ಮೇಲೆ ಚೆಂಬುಗಟ್ಟಲೆ ನೀರು ಸುರಿದು ತೋರಿಸಿದ್ದ. ತಂದವಳೇ ಧೂಳು ಕೂಡ ಒರೆಸದೆ ಗಾಡಿಗೆ ಹೊದಿಸಿ, ದೊಡ್ಡ ಸಾಹಸ ಮಾಡಿದವಳಂತೆ ಸೆರಗಿನಿಂದ ಬೆವರು ಒರೆಸಿಕೊಂಡೆ.

ಎಂಟು ದಿನ ಗಾಳಿ ಬೀಸಿತು. ಆ ಕವರು ಹಗಲೆಲ್ಲ ಪಟಪಟ ಬಡಿದುಕೊಂಡಿತು. ಗುರುವಾರ ನಮ್ಮವರು ಅದನ್ನು ತೆಗೆದು ನೋಡಿದರೆ ಎಡಗಡೆಯ ಬಾಗಿಲಿನ ತುಂಬ ಬೆಕ್ಕು ಪರಚಿದ ಹಾಗೆ ಗೀರು. ಅವರು ಬೈಯಲಿಲ್ಲ. ಹೆಬ್ಬೆರಳಿನಿಂದ ಒಂದೊಂದು ಗೀರನ್ನೂ ಮುಟ್ಟಿ ನೋಡಿದರು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಬೈಯದ ಗಂಡನ ಮುಂದೆ ನಿಲ್ಲುವುದು ಭಾರಿ ಕಷ್ಟ.

ಎರಡು ದಿನ ಕೂತು ಪಾಲಿಶ್ ಹಚ್ಚಿ ಉಜ್ಜಿ ಉಜ್ಜಿ ಗೀರು ಹೋಗಲಾಡಿಸಿದರು. ಆಮೇಲೆ ನನ್ನನ್ನು ಕರೆದು, ಮದುವೆಯಾದಾಗಿನಿಂದ ಆಡಿದ್ದರಲ್ಲೇ ಉದ್ದದ ಮಾತನ್ನು ಆಡಿದರು.

"ನೀರು ಇಳಿಯಂಗಿಲ್ಲ ಅಂದ್ರ ಉಸುರೂ ಆಡಂಗಿಲ್ಲ, ಒಳಗ ಬೆವರ್ತದ. ಸಡ್ಲ ಇದ್ರ ಗಾಳಿಗಿ ಬಡೀತದ. ಕೆಳಗ ಧೂಳಿದ್ರ ಅದ ಎಮರಿ ಪೇಪರ್ ಆಗ್ತದ. ಮೆತ್ತನ್ನ ಅರಿಬಿ ಬೇಕು, ಮೈಗಿ ಹತ್ತಿ ಕೂಡಬೇಕು, ಹೊದಸೂಕಿಂತ ಮೊದಲು ಗಾಡಿ ತೊಳೀಬೇಕು. ಇನ್ನೊಮ್ಮಿ ಗೀರ ಬಿದ್ರ ಉಜ್ಜಾಕ ಬರಂಗಿಲ್ಲ. ಉಜ್ಜಿದ್ರ ಬಣ್ಣ ಹೋಗಿ ಪ್ರೈಮರ್ ಕಾಣ್ತದ."

ಅಂದರೆ ಉಳಿದದ್ದು ಒಂದೇ ಅವಕಾಶ. ಅದನ್ನು ಹಾಳು ಮಾಡಿದರೆ ಹನ್ನೊಂದು ಗಾಡಿಯೂ ಇಲ್ಲ, ಬೋರ್ಡೂ ಇಲ್ಲ. ಅಂಗಡಿಯ ಕವರಿನ ಸಹವಾಸ ಸಾಕು, ಅಳತೆ ಕೊಟ್ಟು ಹೊಲಿಸೋಣ ಎಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಅವರು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಜಮಾಲಸಾಬ ಚಾಚಾನಿಗೆ ಫೋನು ಹಚ್ಚಿದರು. ದಿಂಬಿಗೆ ಹಾಕುವ ಚೀಲಕ್ಕೆ ನಮ್ಮ ಕಡೆ ಗಲೀಫ ಎನ್ನುತ್ತಾರೆ. ದಿಂಬಿಗೊಂದು ಗಲೀಫ ಇದ್ದಂತೆ ಗಾಡಿಗೂ ಒಂದು ಗಲೀಫ ಎಂಬುದು ನಮ್ಮವರ ಲೆಕ್ಕ.

"ಚಾಚಾ, ಒಂದು ಗಲೀಫ ಹೊಲೀಬೇಕ್ರಿ. ಹನ್ನೊಂದು ಫೂಟ ಉದ್ದ, ಐದು ಫೂಟ ಅಗಲ, ನಾಲ್ಕೂವರಿ ಎತ್ತರ. ಒಳಮೈ ಮೆತ್ತಗಿರ್ಲಿ."

ಚಾಚಾ ಆ ಕಡೆಯಿಂದ, "ಯಾರ ಹೆಸರಿಲೆ?" ಎಂದು ಕೇಳಿದನಂತೆ.

"ರೇಣುಕಾದೇವಿ ಅಂತ ಬರ್ಕೋರ್ರಿ" ಎಂದು ನನ್ನ ಹೆಸರು ಹೇಳಿದರು.

"ಯಾವತ್ತು ಏರಸ್ತೀರಿ?"

"ಗುರುವಾರ ರಜಾ ಅದ. ಗುರುವಾರನ ಏರಸೂಣು."

"ಭಾಳ ಚಲೋ" ಎಂದನಂತೆ ಚಾಚಾ. ಬಸ್ಸು ಬಂತು, ಫೋನು ಇಟ್ಟರು. ಇಷ್ಟೇ ಮಾತು.

ಗುರುವಾರ ಗಾಡಿಯನ್ನು ತೊಳೆದು, ಒರೆಸಿ, ಇಬ್ಬರೂ ಅದರಲ್ಲೇ ಚಾಚಾನ ಅಂಗಡಿಗೆ ಹೋದೆವು. ಚಾಚಾ ಇಸ್ತ್ರಿ ಮಾಡಿದ ಜುಬ್ಬಾ, ತೊಳೆದ ಟೋಪಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಒಳಗೆ ಅವನ ಹೆಂಡತಿ ಕುಬ್ರಾಬೇಗಂ ಚಾಚಿ ಮಡಿಲಲ್ಲಿ ಮಲ್ಲಿಗೆ ಇಟ್ಟುಕೊಂಡು ಕೂತಿದ್ದಳು. ಒಂದು ತಟ್ಟೆಯಲ್ಲಿ ಸಕ್ಕರೆ, ಊದಿನಕಡ್ಡಿ. ಮಂಚದ ಮೇಲೆ ಹಚ್ಚ ಹಸಿರು ಸಾಟಿನ್ ಬಟ್ಟೆ, ಸುತ್ತಲೂ ಬಂಗಾರದ ಜರಿ ಅಂಚು.

"ಬರ್ರಿ, ಬಿಸಲೇರೂದ್ರಾಗ ಹೋಗಿ ಬರೂಣು" ಎಂದ ಚಾಚಾ. "ಅಳತಿ ಕೇಳಿ ನಾ ಎಲ್ಲಾ ಕಡಿ ವಿಚಾರ ಮಾಡೇನಿ. ಹನ್ನೊಂದು ಫೂಟಿನ ಬುಜುರ್ಗರು ಈ ಸೀಮ್ಯಾಗ ಯಾರದಾರ? ಯಾ ದರ್ಗಾಕ್ಕ ನಡ್ಯೂದು?"

ದರ್ಗಾದಲ್ಲಿ ಮಲಗಿದ ಬುಜುರ್ಗರ, ಅಂದರೆ ಸಂತರ, ಗೋರಿಯ ಮೇಲೆ ಹರಕೆ ಹೊತ್ತವರು ಹೊದಿಸುವ ಬಟ್ಟೆಗೂ ನಮ್ಮ ಕಡೆ ಗಲೀಫ ಎಂದೇ ಹೆಸರು. ಅದನ್ನು ಹೊದಿಸುವುದಕ್ಕೆ ಏರಿಸುವುದು ಎನ್ನುತ್ತಾರೆ. ಗುರುವಾರವೇ ಏರಿಸುತ್ತಾರೆ. ನಮ್ಮ ಅತ್ತೆಯೂ ಎರಡು ಸಲ ಏರಿಸಿದ್ದರು. ನನಗೆ ತಲೆಯೊಳಗೆ ದೀಪ ಹತ್ತಿತು. ನಮ್ಮವರಿಗೆ ಇನ್ನೂ ಹತ್ತಿರಲಿಲ್ಲ.

ಚಾಚಿ ಬಟ್ಟೆಯ ಒಳಮೈ ತಿರುಗಿಸಿ ತೋರಿಸಿದಳು. "ಒಳಗ ಮೆತ್ತಗಿರ್ಲಿ ಅಂದ್ರಂತಲ್ಲ. ನಲ್ವತ್ತು ವರ್ಷದಾಗ ಹಂಗಂದವರು ನೀವ ಮೊದಲು. ಕೆಳಗ ಮಲಗಿದವರಿಗಿ ಚುಚ್ಚಬಾರ್ದು ಅನ್ನೂ ಮನಸು ಎಷ್ಟ ಮಂದಿಗಿ ಇರ್ತದ? ಅದಕ ಮಲಮಲ್ಲಿನ ಅಸ್ತರ ಕೊಟ್ಟೇನಿ."

ನಮ್ಮವರು ಬಹಳ ಹೊತ್ತು ವಿಚಾರ ಮಾಡಿ, "ಕೆಳಗ ಮಲಗೂದು ನನ್ನ ಗಾಡಿರಿ" ಎಂದರು.

ಚಾಚಾ ಸ್ಟೂಲಿನ ಮೇಲೆ ಕುಸಿದು ಕೂತ. ಹೊರಗೆ ನಿಂತಿದ್ದ ಗಾಡಿಯನ್ನು ನೋಡಿದ, ಸಾಟಿನ್ ನೋಡಿದ, ಮತ್ತೆ ಗಾಡಿಯನ್ನು ನೋಡಿದ. ಮೊದಲು ನಕ್ಕವಳು ಚಾಚಿ. ಮಡಿಲಿನ ಮಲ್ಲಿಗೆಯೆಲ್ಲ ಚೆಲ್ಲುವ ಹಾಗೆ ನಕ್ಕಳು. ನಾನೂ ಗೋಡೆ ಹಿಡಿದು ನಕ್ಕೆ.

ನಗು ಮುಗಿದ ಮೇಲೆ ಬಟ್ಟೆ ಅಲ್ಲೇ ಇತ್ತು. ಅದನ್ನೇನು ಮಾಡುವುದು?

"ಇನ್ನೂ ಓದಿಕಿ ಆಗಿಲ್ಲ, ದುವಾ ಮಾಡಿಲ್ಲ" ಎಂದ ಚಾಚಾ. "ಬರೇ ಬಟ್ಟಿ. ಬೇಕಂದ್ರ ಜರಿ ಬಿಚ್ಚಿ ಕೊಡ್ತೀನಿ, ಗಾಡಿಗಿ ಹೊದಿಸ್ಕೋ."

ನಮ್ಮವರು ಅಂಗೈಯ ಹಿಂಬದಿಯಿಂದ ಮಲಮಲ್ ಸವರಿ ನೋಡಿದರು. ಬಣ್ಣದ ನಯ ನೋಡುವುದೂ ಅವರು ಹೀಗೆಯೇ. ಅವರ ಮುಖ ಅರಳಿತು. ಅವರಿಗೆ ಬೇಕಾಗಿದ್ದದ್ದು ಅದೇ ಮೆತ್ತಗೆ ಎಂದು ನನಗೆ ಗೊತ್ತಾಯಿತು. ನನಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಚಾಚಿ ಮಲ್ಲಿಗೆ ಆರಿಸಿಕೊಳ್ಳುತ್ತ ಮೆಲ್ಲಗೆ ಅಂದಳು: "ನೀ ಏನ ಬೇಡ್ಕೊಂಡೀ ಗೊತ್ತಿದ್ದಿಲ್ಲ ರೇಣುಕವ್ವ. ರೇಣುಕವ್ವ ಬೇಡಿದ್ದು ಆಗ್ಲಿ, ರೇಣುಕವ್ವ ಬೇಡಿದ್ದು ಆಗ್ಲಿ ಅನ್ಕೋತ ಹೊಲದೇನಿ. ಅಷ್ಟ."

ನಾನು ಏನೂ ಬೇಡಿಕೊಳ್ಳುವ ಮೊದಲೇ ನನಗಾಗಿ ಒಬ್ಬಳು ನಾಲ್ಕು ದಿನ ಕೂತು ಬೇಡಿಕೊಂಡಿದ್ದಳು. ಅಂಥ ಬಟ್ಟೆಯನ್ನು ಕಾಗೆಯ ಹಿಕ್ಕೆಗೆ ಒಡ್ಡಲು ನನಗೆ ಮನಸ್ಸು ಬರಲಿಲ್ಲ.

"ಜರಿ ಬಿಚ್ಚಬ್ಯಾಡ್ರಿ ಚಾಚಾ, ಇದು ದರ್ಗಾಕ್ಕ ಹೋಗ್ಲಿ" ಎಂದೆ. "ಹರಕಿ ಈಗ ಹೊರ್ತೀನಿ. ಇವ್ರ ಬಣ್ಣ ಕಾರಹುಣ್ಣಿವಿತನಕ ಉಳೀಲಿ. ಇವ್ರ ಹೆಸರಿಂದ ಒಂದು ಬೋರ್ಡ ಆಗ್ಲಿ. ಹದಿನೈದು ವರ್ಷ ಮಂದಿ ಬೋರ್ಡಿನ ಕೆಳಗ ಕೆಮ್ಮಿದ್ದು ಸಾಕು."

ನಮ್ಮವರು ನನ್ನನ್ನೇ ನೋಡಿದರು. ನನಗೆ ಇಂಥದ್ದೊಂದು ಆಸೆ ಇತ್ತೆಂದು ಅವರಿಗೆ ಗೊತ್ತಿರಲಿಲ್ಲ. ಕಡಿಮೆ ಮಾತು ಅವರೊಬ್ಬರದೇ ರೋಗವಲ್ಲ ಎಂದು ನನಗೂ ಆಗಲೇ ತಿಳಿದದ್ದು.

"ಮೊದಲ ಅದನ್ನ ಏರಿಸಿ ಬರೂಣು ನಡೀರಿ" ಎಂದರು.

ಊರ ಹೊರಗಿನ ಸಣ್ಣ ದರ್ಗಾಕ್ಕೆ ನಾಲ್ವರೂ ಅದೇ ಗಾಡಿಯಲ್ಲಿ ಹೋದೆವು. ಅಲ್ಲಿನ ಗೋರಿ ಆರು ಫೂಟಿನದು. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಏರಿಸಬೇಕಾಯಿತು. ಇಷ್ಟುದ್ದ ಯಾಕೆ ಎಂದು ದರ್ಗಾ ನೋಡಿಕೊಳ್ಳುವ ಮುಜಾವರರು ಕೇಳಿದರೆ, "ಹರಕಿನ ಉದ್ದದ್ರಿ" ಎಂದ ಚಾಚಾ.

ತಿರುಗಿ ಬಂದ ಮೇಲೆ ಅವನು ಟೇಪು ಹಿಡಿದು, ಮದುಮಗನ ಅಳತೆ ತೆಗೆದುಕೊಂಡ ಹಾಗೆ ಗಾಡಿಯ ಅಳತೆ ತೆಗೆದುಕೊಂಡ. ಒಳಗೆ ಮಲಮಲ್, ಹೊರಗೆ ಗಾಳಿಯಾಡುವ ದಪ್ಪ ದೋಸೂತಿ ಬಟ್ಟೆ. ಎರಡು ಕನ್ನಡಿಗಳಿಗೆ ಕೂಸಿನ ಕುಲಾಯಿಯ ಹಾಗೆ ಎರಡು ಕಿವಿ. ಗಾಳಿಗೆ ಬಡಿಯದ ಹಾಗೆ ಕೆಳಗೆ ಸುತ್ತಲೂ ಅಂಚು ಮಡಿಚಿ ನೇಫೆ ಹೊಲಿದು, ಪಾಯಜಾಮದ ಲಾಡಿ ಪೋಣಿಸಿದ. ಓಣಿಯವರು ನಮ್ಮ ಗಾಡಿಗೆ ಪಾಯಜಾಮಾ ಗಾಡಿ ಎಂದು ಹೆಸರಿಟ್ಟರು. ಇಡಲಿ. ಬೇಸಿಗೆ ಮುಗಿಯುವವರೆಗೆ ದಿನಾ ಬೆಳಿಗ್ಗೆ ನನ್ನ ಮುಖಕ್ಕಿಂತ ಮೊದಲು ಗಾಡಿಯ ಮೈ ತೊಳೆದೆ. ಅದು ಒಣಗಿದ ಮೇಲೆಯೇ ಲಾಡಿ ಬಿಗಿದೆ. ಬೇಸಿಗೆಯ ಅಡ್ಡಮಳೆ ಬಂದಾಗ ಓಡಿ ಹೋಗಿ ಬಿಚ್ಚಿ, ಒಣಗಿಸಿ, ಮತ್ತೆ ತೊಡಿಸಿದೆ.

ಕಾರಹುಣ್ಣಿಮೆಯ ದಿನ ಓಣಿಯ ಎತ್ತುಗಳ ಕೊಂಬಿಗೆಲ್ಲ ಬಣ್ಣ ಬಿದ್ದಿತ್ತು. ಸಾವುಕಾರರು ಹೇಳಿದಂತೆ ಬಂದರು. ನಮ್ಮವರು ಲಾಡಿ ಎಳೆದರೆ ಅದು ಬಿಚ್ಚುವ ಬದಲು ಗಂಟು ಬಿತ್ತು. ನಾನೇ ಕೂತು ಹಲ್ಲಿನಿಂದ ಕಚ್ಚಿ ಬಿಡಿಸಿದೆ. ನವಿಲಿನ ಕೊರಳು ಹೊರಬಂತು.

ಸಾವುಕಾರರು ಬಾನೆಟ್ಟಿನ ಮೇಲೆ ಬಗ್ಗಿದರು. ಮೀಸೆಯನ್ನು ಎಡಕ್ಕೆ ತಿರುವಿದರು, ಬಲಕ್ಕೆ ತಿರುವಿದರು.

"ಇದೊಂದು ಬಿಳಿ ಕೂದ್ಲಾ ಯಾವಾಗ ಬಂತು?" ಎಂದರು. "ತಂಗಿ, ಮನ್ಯಾಗ ಕತ್ರಿ ಅದೇನು?"

ಕತ್ತರಿ ತಂದು ಕೊಟ್ಟೆ. ಬಾನೆಟ್ಟಿನಲ್ಲೇ ನೋಡಿಕೊಂಡು ಆ ಕೂದಲನ್ನು ಕತ್ತರಿಸಿಕೊಂಡರು. ಗೆದ್ದೆವು ಎನ್ನುವಷ್ಟರಲ್ಲಿ ನಮ್ಮವರು ಬಾಯಿ ತೆಗೆದರು.

"ಎಡಗಡಿ ಬಾಗಿಲಕ ಒಮ್ಮಿ ಗೀರ ಬಿದ್ದಿದ್ವು ಸಾವುಕಾರ್ರ. ಉಜ್ಜಿ ತಗದೇನಿ. ಅಲ್ಲಿ ಬಣ್ಣ ತೆಳು ಅದ."

"ಯಾರ ಮಾಡಿದ್ದು?"

ನಾನು ನೆಲ ನೋಡಿದೆ.

"ಗಾಳಿ" ಎಂದರು ನಮ್ಮವರು.

ಸಾವುಕಾರರು ಆ ಬಾಗಿಲಿಗೂ ಮುಖ ತೋರಿಸಿ ನೋಡಿ ತಲೆಯಾಡಿಸಿದರು. "ಹನ್ನೊಂದೂ ಗಾಡಿ ನಿನ್ನವು. ಬಣ್ಣ ಆದಮ್ಯಾಲ ಎಲ್ಲಕ್ಕೂ ಇಂಥಾದ ಒಂದೊಂದು ಹೊಲಿಸು."

ಅವರು ಓಣಿ ದಾಟುವ ಮೊದಲೇ ನಮ್ಮವರು ಫೋನು ಹಚ್ಚಿಯಾಗಿತ್ತು. "ಚಾಚಾ, ಹನ್ನೊಂದು ಗಲೀಫ..."

ನಾನು ಫೋನು ಕಸಿದುಕೊಂಡೆ. "ದರ್ಗಾಕ್ಕಲ್ಲ ಚಾಚಾ, ಗಾಡಿಗಿ. ಹನ್ನೊಂದೂ ಗಾಡಿಗಿ."

ಆ ಕಡೆಯಿಂದ ಚಾಚಿಯ ದನಿ ಬಂತು. "ರೇಣುಕವ್ವ, ಹಂಗಾರ ನಮ್ಮ ಗಲೀಫ ಬುಜುರ್ಗರಿಗಿ ಮುಟ್ಟಿತೇನವ್ವ?"

ನಾನು ತಿರುಗಿ ನೋಡಿದೆ. ನಮ್ಮವರು ಬಕೆಟ್ಟಿನ ನೀರಲ್ಲಿ ಬೆರಳು ಅದ್ದಿ, ಮನೆಯ ಗೋಡೆಯ ಮೇಲೆ ಬೋರ್ಡಿನ ಅಳತೆಗೆ ತಮ್ಮ ಹೆಸರು ಬರೆದು ನೋಡುತ್ತಿದ್ದರು.

"ಮುಟ್ಟಿತು ಚಾಚಿ" ಎಂದೆ. "ಅಸ್ತರದ ಸಮೇತ ಮುಟ್ಟಿತು."