ಗುರುಬಲದ ನೌಕೆ

ಹೇರೋಹಳ್ಳಿಯಲ್ಲಿ ರೋಡಿಲ್ಲದ ಸೈಟು ಮಾರಿ ದುಂಡಗಾದ ಚಕ್ರಪಾಣಿಯವರಿಗೆ ಅರವತ್ತಕ್ಕೆ ಆಕಾಶದ ಹುಚ್ಚು ಹಿಡಿಯಿತು. ಭೂಮಿಯ ಮೇಲೆ ಮಾರುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಪಾಪ! ಅತ್ತಿಗುಪ್ಪೆ ಮೆಟ್ರೋ ಹತ್ತಿರ, ಚಪ್ಪಲಿ ಅಂಗಡಿಯ ಮೇಲೆ, ಅವರ ಅಂತರಿಕ್ಷ ಕಂಪನಿಯ ಬೋರ್ಡು ಎದ್ದಿತು.

ಇಡೀ ಕಂಪನಿಯಲ್ಲಿ ಆಕಾಶದ ವಿಷಯ ಬಲ್ಲವಳು ಜಲಜಾ ಒಬ್ಬಳೇ. ವಯಸ್ಸು ಐವತ್ಮೂರು. ಒಂಬತ್ತು ವರ್ಷ ಬೆವರು ಬಸಿದು ಅವಳೊಂದು ಡಬ್ಬಿ ಮಾಡಿದ್ದಳು. ಸೌರಮಂಡಲದ ಅಂಚಿನ ಧೂಳಿನ ಕಣಗಳನ್ನು ಒಂದೊಂದಾಗಿ ಎಣಿಸುವ ಡಬ್ಬಿ. ಕಾಗದಪತ್ರಗಳಲ್ಲೆಲ್ಲ ಅದನ್ನು ‘ಡಸ್ಟ್ ಕೌಂಟರ್’ ಎಂದೇ ಬರೆದಿದ್ದಳು. ಕಂಪನಿ ಕಳಿಸಲಿದ್ದ ನೌಕೆಗೆ ಭಾರೀ ವೇಗ ಬೇಕು, ವೇಗ ಬೇಕೆಂದರೆ ತೂಕ ಇರಬಾರದು. ಹಾಗಾಗಿ ಒಳಗೆ ಜಾಗ ಇದ್ದದ್ದು ಒಂದೂಕಾಲು ಕೆಜಿಗೆ ಮಾತ್ರ. ಡಬ್ಬಿಯೂ ಸರಿಯಾಗಿ ಅಷ್ಟೇ ತೂಗುತ್ತಿತ್ತು. ಅದೊಂದು ಮೇಲೆ ಹೋಗಿಬಿಟ್ಟರೆ ಜಲಜಾಗೆ ಬೇರೇನೂ ಬೇಕಿರಲಿಲ್ಲ.

ಎಲ್ಲಿಗೆ ಕಳಿಸುವುದು ಎಂದು ಎಂಟು ಮೀಟಿಂಗು ನಡೆದವು. ನೆಪ್ಚೂನಿನ ಆಚೆ, ಹೆಸರೂ ಇಲ್ಲದ ಒಂದು ಮಂಜುಗಡ್ಡೆಯ ಲೋಕವನ್ನು ಅವಳು ತೋರಿಸಿದಳು.

“ಕಾರ್ನರ್ ಸೈಟಾ ಮೇಡಂ? ಅಲ್ಲಿಗೆ ರೋಡಿದ್ಯಾ?” ಎಂದರು ಚಕ್ರಪಾಣಿ.

“ಹೇರೋಹಳ್ಳೀಲಿ ಇತ್ತಾ ಸಾರ್?”

ಆ ಮೀಟಿಂಗು ಅಲ್ಲಿಗೇ ಮುಗಿಯಿತು. ಮುಂದಿನದರಲ್ಲಿ ಅವರು ಸೇಡು ತೀರಿಸಿಕೊಂಡರು. “ಧೂಳು ಎಣಿಸೋಕೆ ಅಷ್ಟು ದೂರ ಯಾಕ್ರೀ? ಮಾಗಡಿ ರೋಡಲ್ಲಿ ನಿಂತ್ಕೊಳಿ, ಒಂದು ಬಸ್ ಹೋದ್ರೆ ಸಾಕು!”

ಗುರುಗ್ರಹದ ಪಕ್ಕದಲ್ಲಿ ಹಾದುಹೋದರೆ ಅದರ ಸೆಳೆತದಿಂದಲೇ ನೌಕೆಯ ವೇಗ ಏರುತ್ತದೆ ಎಂದು ಜಲಜಾ ಗ್ರಾಫು ಹಾಕಿ, ಇಂಗ್ಲಿಷಿನಲ್ಲಿ ಗಂಟಲು ಹರಿದುಕೊಂಡಳು. ಎಲ್ಲರೂ ಬೋಂಡಾ ತಿಂದರು. ಒಂಬತ್ತನೇ ಮೀಟಿಂಗಿನಲ್ಲಿ ರೇಗಿಹೋಗಿ ಅಂದೇಬಿಟ್ಟಳು: “ಗುರುಬಲ ಬೇಕು ಸಾರ್! ಮುಂದಿನ ಮಾಘಕ್ಕೆ ಕೂಡಿಬರುತ್ತೆ. ತಪ್ಪಿದ್ರೆ ಇನ್ನು ಹನ್ನೆರಡು ವರ್ಷ ಇಲ್ಲ.”

ಚಕ್ರಪಾಣಿಯವರ ಕೈಯಲ್ಲಿದ್ದ ಬೋಂಡಾ ತಟ್ಟೆಗೆ ವಾಪಸು ಹೋಯಿತು. “ಅಯ್ಯೋ, ಇದನ್ನ ಮೊದಲೇ ಹೇಳೋದಲ್ವಾ! ನಮ್ಮ ಮಗಳು ರಾಗಿಣಿ ಮದುವೇಗೆ ಗುರುಬಲ ಇಲ್ದೆ ಎರಡು ವರ್ಷ ಒದ್ದಾಡಿದೀವಿ.”

ಐದೇ ನಿಮಿಷದಲ್ಲಿ ಎಲ್ಲ ಪಾಸಾಯಿತು. ಮ್ಯಾನೇಜರ್ ಮುರಳೀಕೃಷ್ಣ ನಡಾವಳಿ ಬರೆದ: ‘ಸ್ಥಳ: ಮೇಡಂ ಹೇಳಿದ್ದು. ಒಳಗೆ: ಯಂತ್ರ ಒಂದು, ಒಂದೂಕಾಲು ಕೆಜಿ.’ ಜಲಜಾ ಸಹಿ ಹಾಕಿದಳು. ನಾಲ್ಕು ಗ್ರಾಫಿಗಾಗದ್ದು ನಾಲ್ಕಕ್ಷರಕ್ಕಾಯಿತು ಎಂದು ಒಳಗೊಳಗೇ ಬೀಗಿದಳು ಕೂಡ. ಸ್ವಲ್ಪ ನಾಚಿಕೆಯೂ ಆಯಿತು, ಆದರೆ ಬೀಗಿದ್ದೇ ಹೆಚ್ಚು.

ಎಂಟನೇ ದಿನ ಅವಳ ಮೇಜಿನ ಮೇಲೆ ಫಳಫಳ ಹೊಳೆಯುವ ತಾಮ್ರದ ತಗಡು ಕೂತಿತ್ತು. ಮೇಲೆ ಚೌಕ ಚೌಕವಾಗಿ ಅಂಕಿಗಳು, ಸುತ್ತ ಅರಿಶಿನ. ಪಕ್ಕದಲ್ಲಿ ಚಕ್ರಪಾಣಿ ನಿಂತಿದ್ದರು.

“ಇದೇನ್ ಸಾರ್?”

“ಯಂತ್ರ! ಗುರುಯಂತ್ರ. ನಲವತ್ತೆಂಟು ಸಾವಿರ ಜಪ ಆಗಿದೆ.”

ಜಲಜಾ ನಡಾವಳಿ ತೆಗೆದು ತೋರಿಸಿದಳು. “ಯಂತ್ರ ಅಂದ್ರೆ ನಂದು ಸಾರ್! ಧೂಳಿಂದು!”

“ನಿಮ್ದು ಕೌಂಟರ್ ಅಲ್ವಾ? ನೀವೇ ಎಲ್ಲಾ ಕಡೆ ಹಂಗಂತ ಬರೆದಿದೀರಿ. ಗುರುಬಲ ಅಂದೋರೂ ನೀವೇ. ಬರಿಗೈಲಿ ಗುರು ಹತ್ರ ಹೋಗೋಕಾಗುತ್ತಾ?”

ಜಲಜಾ ತಗಡನ್ನು ಎತ್ತಿ ನೋಡಿದಳು. ಒಂದೂಕಾಲು ಕೆಜಿಗೆ ಒಂದು ಗ್ರಾಂ ಆಚೀಚೆ ಇಲ್ಲ. ಮೂಲೆಗಳಲ್ಲಿ ಸ್ಕ್ರೂಗೆ ನಾಲ್ಕು ತೂತು, ಅವಳೇ ಬರೆದ ನಕ್ಷೆಯ ಅಳತೆಗೆ ಕರಾರುವಾಕ್ಕಾಗಿ. ಕೊರೆದವನ ಕೈಗೆ ಮುರಳೀಕೃಷ್ಣ ಆ ನಕ್ಷೆಯನ್ನೇ ಕೊಟ್ಟಿದ್ದ. ಈಗ ‘ಸರಿಯಾಗಿ ಕೂರುತ್ತದೆ’ ಎಂದು ಸಹಿ ಹಾಕಬೇಕಾದವಳೂ ಅವಳೇ. ಹಾಕದಿದ್ದರೆ ಮಾಘ ತಪ್ಪುತ್ತದೆ. ಇನ್ನು ಹನ್ನೆರಡು ವರ್ಷಕ್ಕೆ ಅವಳಿಗೆ ಅರವತ್ತೈದು. ಹಾಕಿದರೂ ಡಬ್ಬಿ ಉಳಿಯುವುದು ಅತ್ತಿಗುಪ್ಪೆಯಲ್ಲೇ.

ಹಾಕಿದಳು.

ಚಕ್ರಪಾಣಿ ತಗಡಿಗೆ ಕೈಮುಗಿದು, ಏನೋ ಹೊಳೆದವರಂತೆ ತಿರುಗಿದರು. “ಮೇಡಂ, ಅಷ್ಟು ದೂರ ಹೋಗುತ್ತಲ್ಲ, ಯಂತ್ರದ ಮೇಲೆ ಧೂಳು ಗೀಳು ಜಾಸ್ತಿ ಕೂರಲ್ಲ ತಾನೇ?”

“ಗೊತ್ತಿಲ್ಲ ಸಾರ್,” ಎಂದಳು ಜಲಜಾ, ಪೆನ್ನಿನ ಕ್ಯಾಪು ಹಾಕುತ್ತ. “ಎಣಿಸೋರು ಯಾರೂ ಹೋಗ್ತಾ ಇಲ್ವಲ್ಲ.”